ಲವಂಗದ ಎಣ್ಣೆ ಮತ್ತು ಆಂಟಿಬಯೋಟಿಕ್: ಎರಡೂ ಸೇರಿದರೆ ಏನಾಗುತ್ತದೆ?

(ಜೀವಶಾಸ್ತ್ರ ವಿಭಾಗದಿಂದ)



ಕಳೆದ ವರ್ಷ ದ್ವಿತೀಯ ಪಿಯುಸಿ ತರಗತಿಯಲ್ಲಿ ‘ಮಾನವ ಕಲ್ಯಾಣದಲ್ಲಿ ಸೂಕ್ಷ್ಮಜೀವಿಗಳು’ ಪಾಠ ಮಾಡುತ್ತಿದ್ದೆ. ಪೆನಿಸಿಲಿನ್ ಕಥೆ ಮುಗಿದು ಬೆಲ್ ಆಯಿತು. ಎಲ್ಲರೂ ಹೊರಟ ಮೇಲೆ ಒಬ್ಬ ಹುಡುಗಿ ನನ್ನ ಮೇಜಿನ ಹತ್ತಿರ ಬಂದು ನಿಂತಳು.

“ಮೇಡಂ, ಲವಂಗದ ಎಣ್ಣೇನೂ ಬ್ಯಾಕ್ಟೀರಿಯ ಕೊಲ್ಲುತ್ತಂತಲ್ಲ? ಹಾಗಾದ್ರೆ ಆಂಟಿಬಯೋಟಿಕ್ ಮಾತ್ರೆ ಬದಲು ಅದನ್ನೇ ಹಚ್ಚಿದ್ರೆ ಆಗಲ್ವಾ? ಇಲ್ಲಾಂದ್ರೆ ಎರಡೂ ಒಟ್ಟಿಗೆ?”

ಯಾಕೆ ಕೇಳುತ್ತಿದ್ದೀಯ ಎಂದೆ. ಅವಳ ನಾನಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ಕಾಲಿನ ಹೆಬ್ಬೆರಳ ಪಕ್ಕದಲ್ಲಿ ಒಂದು ಗಾಯ, ಮೂರು ವಾರವಾದರೂ ಮಾಗಿಲ್ಲ. ಡಾಕ್ಟರು ಏಳು ದಿನಕ್ಕೆ ಮಾತ್ರೆ ಬರೆದುಕೊಟ್ಟಿದ್ದರು. ಮೂರನೇ ದಿನ ಹೊಟ್ಟೆ ಕೆಟ್ಟಿತೆಂದು ನಾನಿ ಮಾತ್ರೆ ನಿಲ್ಲಿಸಿದರು. ಪಕ್ಕದ ಮನೆಯವರು ಲವಂಗದ ಎಣ್ಣೆ ಹಚ್ಚಿ ನೋಡಿ ಎಂದರು. ಮೊಬೈಲಿನಲ್ಲಿ ಬಂದ ಒಂದು ವಿಡಿಯೋ ಕೂಡ ಅದನ್ನೇ ಹೇಳಿತ್ತು.

“ಇವತ್ತೇ ನಾನಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಮಾತ್ರೆ ನಿಲ್ಲಿಸಿದ್ದನ್ನು ಮುಚ್ಚಿಡಬೇಡಿ. ಉಳಿದದ್ದನ್ನು ನಾಳೆ ಮಾತಾಡೋಣ” ಎಂದು ಕಳಿಸಿದೆ. ಮರುದಿನ ಅವಳಿಗೆ ಹೇಳಿದ್ದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆದಿದ್ದೇನೆ. ಏಕೆಂದರೆ ಅವಳ ಪ್ರಶ್ನೆ ಹುಡುಗಾಟದ್ದಲ್ಲ. ಜಗತ್ತಿನ ಎಷ್ಟೋ ಪ್ರಯೋಗಾಲಯಗಳಲ್ಲಿ ಇದೇ ಪ್ರಶ್ನೆಯ ಮೇಲೆ ಕೆಲಸ ನಡೆದಿದೆ, ಈಗಲೂ ನಡೆಯುತ್ತಿದೆ.

ಎಣ್ಣೆ ಎಂದರೆ ಯಾವ ಎಣ್ಣೆ?

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ನಾವು ಅಡುಗೆಗೆ ಬಳಸುವ ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆ ಗಾಣದಲ್ಲಿ ಹಿಂಡಿ ತೆಗೆದ ಕೊಬ್ಬು. ಅದನ್ನು ಕಾಗದದ ಮೇಲೆ ಒಂದು ಹನಿ ಹಾಕಿದರೆ ಜಿಡ್ಡಿನ ಕಲೆ ಹಾಗೆಯೇ ಉಳಿಯುತ್ತದೆ. ಲವಂಗ, ನೀಲಗಿರಿ, ಮಜ್ಜಿಗೆ ಹುಲ್ಲು, ಓಂಕಾಳು ಇವುಗಳ ಪರಿಮಳದ ತೈಲ ಬೇರೆ ಜಾತಿಯದು. ಅದು ಗಾಳಿಯಲ್ಲಿ ಆವಿಯಾಗಿ ಹೋಗುತ್ತದೆ, ಆದ್ದರಿಂದಲೇ ದೂರದಿಂದಲೂ ವಾಸನೆ ಬರುತ್ತದೆ. ಅಂಗಡಿಗಳಲ್ಲಿ ಎಸೆನ್ಶಿಯಲ್ ಆಯಿಲ್ ಎಂದು ಚಿಕ್ಕ ಬಾಟಲಿಗಳಲ್ಲಿ ಮಾರುವುದು ಇದನ್ನೇ. ಈ ಲೇಖನದಲ್ಲಿ ಸುಗಂಧ ತೈಲ ಎಂದು ಕರೆಯೋಣ.

ಇದನ್ನು ತೆಗೆಯುವ ವಿಧಾನ ಭಟ್ಟಿ ಇಳಿಸುವುದು. ಎಲೆ, ಹೂ, ಮೊಗ್ಗು ಅಥವಾ ಕಾಳಿನ ಮೂಲಕ ಹಬೆ ಹಾಯಿಸುತ್ತಾರೆ. ಹಬೆಯ ಜೊತೆ ತೈಲವೂ ಆವಿಯಾಗಿ ಮೇಲೇರುತ್ತದೆ. ತಣಿಸಿದಾಗ ನೀರು ಬೇರೆ, ತೈಲ ಬೇರೆಯಾಗಿ ನಿಲ್ಲುತ್ತದೆ. ಅತ್ತರಿನ ಪರಿಚಯವಿರುವ ನಮ್ಮ ಮನೆಗಳಿಗೆ ಇದು ಹೊಸ ಮಾತೇನಲ್ಲ. ಒಂಬತ್ತನೇ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ವಿದ್ವಾಂಸ ಅಲ್-ಕಿಂದಿ ಸುಗಂಧ ದ್ರವ್ಯಗಳು ಮತ್ತು ಭಟ್ಟಿ ಇಳಿಸುವಿಕೆಯ ಬಗ್ಗೆ ಒಂದು ಗ್ರಂಥವನ್ನೇ ಬರೆದಿದ್ದರು.

ಒಂದೊಂದು ತೈಲದಲ್ಲೂ ಹತ್ತಾರು ರಾಸಾಯನಿಕಗಳಿರುತ್ತವೆ. ಅವುಗಳಲ್ಲಿ ಒಂದೆರಡು ಮುಖ್ಯ. ಲವಂಗದಲ್ಲಿ ಯೂಜಿನಾಲ್, ದಾಲ್ಚಿನ್ನಿ ತೊಗಟೆಯಲ್ಲಿ ಸಿನ್ನಮಾಲ್ಡಿಹೈಡ್, ಮಜ್ಜಿಗೆ ಹುಲ್ಲಿನಲ್ಲಿ ಸಿಟ್ರಾಲ್, ನೀಲಗಿರಿಯಲ್ಲಿ ಸಿನಿಯೋಲ್. ಮನೆಯಲ್ಲಿ ಅಜವಾನ ಎನ್ನುವ ಓಂಕಾಳಿನಲ್ಲಿ ಥೈಮಾಲ್ ಇದೆ. ಪಿಜ್ಜಾದ ಮೇಲೆ ಉದುರಿಸುವ ಓರೆಗಾನೊದಲ್ಲಿ ಕಾರ್ವಕ್ರಾಲ್ ಇದೆ. ಹಿತ್ತಲಿನ ದೊಡ್ಡಪತ್ರೆ ಎಲೆಯನ್ನು ಬೆರಳಿನಲ್ಲಿ ಹೊಸಕಿ ಮೂಸಿದರೆ ಓಂಕಾಳಿನ ವಾಸನೆಯೇ ಬರುತ್ತದಲ್ಲ, ಅದಕ್ಕೆ ಕಾರಣ ಈ ಥೈಮಾಲ್ ಮತ್ತು ಕಾರ್ವಕ್ರಾಲ್. ಎರಡರ ಸೂತ್ರವೂ ಒಂದೇ: 10 ಇಂಗಾಲ, 14 ಹೈಡ್ರೋಜನ್, 1 ಆಮ್ಲಜನಕ. ಬೆಂಜೀನ್ ಉಂಗುರದ ಮೇಲೆ ಓಎಚ್ ಗುಂಪು ಕೂತಿರುವ ಜಾಗ ಮಾತ್ರ ಬೇರೆ. ರಸಾಯನಶಾಸ್ತ್ರದಲ್ಲಿ ಐಸೋಮರ್ ಓದುತ್ತಿರುವವರಿಗೆ ಇದು ಒಳ್ಳೆಯ ಉದಾಹರಣೆ.

ಕಲೋಂಜಿ ಎಣ್ಣೆಯ ಬಗ್ಗೆಯೂ ಹಲವರು ಕೇಳುತ್ತಾರೆ. ಬಾಟಲಿಯಲ್ಲಿ ಸಿಗುವ ಕಲೋಂಜಿ ಎಣ್ಣೆಯ ಬಹುಪಾಲು ಹಿಂಡಿ ತೆಗೆದ ಕೊಬ್ಬಿನ ಎಣ್ಣೆ. ಪ್ರಯೋಗಾಲಯದವರಿಗೆ ಆಸಕ್ತಿ ಇರುವ ಥೈಮೋಕ್ವಿನೋನ್ ಎಂಬ ಅಂಶ ಇರುವುದು ಅದರೊಳಗೆ ಬೆರೆತಿರುವ ಸ್ವಲ್ಪವೇ ಸುಗಂಧ ತೈಲದಲ್ಲಿ. ಆದ್ದರಿಂದ ‘ಕಲೋಂಜಿ ಮೇಲೆ ಸಂಶೋಧನೆ ನಡೆದಿದೆ’ ಎಂಬ ಸುದ್ದಿ ಓದಿದಾಗ, ಯಾವ ಅಂಶದ ಮೇಲೆ, ಎಷ್ಟು ಪ್ರಮಾಣದಲ್ಲಿ ಎಂದು ಕೇಳಿಕೊಳ್ಳಬೇಕು.

ಬ್ಯಾಕ್ಟೀರಿಯ ಔಷಧಿಯಿಂದ ತಪ್ಪಿಸಿಕೊಳ್ಳುವುದು ಹೇಗೆ?

ಅಲೆಕ್ಸಾಂಡರ್ ಫ್ಲೆಮಿಂಗ್ 1928ರಲ್ಲಿ ಪೆನಿಸಿಲಿನ್ ಕಂಡುಹಿಡಿದದ್ದು ನಿಮಗೆ ಗೊತ್ತು. 1945ರಲ್ಲಿ ನೊಬೆಲ್ ಬಹುಮಾನ ಸ್ವೀಕರಿಸಿದಾಗ ಮಾಡಿದ ಭಾಷಣದಲ್ಲಿ ಅವರು ಒಂದು ಎಚ್ಚರಿಕೆ ಕೊಟ್ಟಿದ್ದರು. ಅದು ಪಠ್ಯಪುಸ್ತಕದಲ್ಲಿ ಇಲ್ಲ. ಗಂಟಲು ನೋವಿಗೆ ಒಬ್ಬ ಮನುಷ್ಯ ತಾನೇ ಪೆನಿಸಿಲಿನ್ ಕೊಂಡು, ಸಾಲದಷ್ಟು ಪ್ರಮಾಣದಲ್ಲಿ ತೆಗೆದುಕೊಳ್ಳುತ್ತಾನೆ. ಅವನ ಗಂಟಲಿನ ಬ್ಯಾಕ್ಟೀರಿಯ ಸಾಯುವ ಬದಲು ಔಷಧಿಯನ್ನು ಎದುರಿಸಲು ಕಲಿಯುತ್ತದೆ. ಅದೇ ಸೋಂಕು ಅವನ ಹೆಂಡತಿಗೆ ಅಂಟಿ ನ್ಯುಮೋನಿಯ ಆಗುತ್ತದೆ. ಆಗ ಪೆನಿಸಿಲಿನ್ ಕೊಟ್ಟರೂ ಕೆಲಸ ಮಾಡುವುದಿಲ್ಲ, ಆಕೆ ತೀರಿಕೊಳ್ಳುತ್ತಾಳೆ. ಹೆಂಡತಿಯ ಸಾವಿಗೆ ಯಾರು ಹೊಣೆ ಎಂದು ಫ್ಲೆಮಿಂಗ್ ಕೇಳಿದ್ದರು.

ಅವರು ಊಹಿಸಿದ್ದು ನಿಜವಾಯಿತು. ಪೆನಿಸಿಲಿನ್‌ಗೆ ಜಗ್ಗದ ಸ್ಟೆಫೈಲೋಕಾಕಸ್‌ಗಾಗಿ 1959ರಲ್ಲಿ ಮೆಥಿಸಿಲಿನ್ ಬಂತು. 1961ರ ಹೊತ್ತಿಗೆ ಮೆಥಿಸಿಲಿನ್‌ಗೂ ಜಗ್ಗದ ತಳಿ ಇಂಗ್ಲೆಂಡಿನಿಂದ ವರದಿಯಾಯಿತು. ಅದನ್ನೇ ಇಂದು ಎಂಆರ್‌ಎಸ್‌ಎ ಎನ್ನುತ್ತಾರೆ. 2019ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಸಾವುಗಳಿಗೆ ಔಷಧಿಗೆ ಜಗ್ಗದ ಬ್ಯಾಕ್ಟೀರಿಯಗಳೇ ನೇರ ಕಾರಣ ಎಂದು 2022ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಅಂದಾಜು ಮಾಡಿದೆ.

ಬ್ಯಾಕ್ಟೀರಿಯಗಳು ಬಳಸುವ ಉಪಾಯಗಳು ಮುಖ್ಯವಾಗಿ ಐದು.

1. ಔಷಧಿಯನ್ನೇ ಒಡೆದುಹಾಕುವ ಕಿಣ್ವ ತಯಾರಿಸುವುದು. ಪೆನಿಸಿಲಿನ್ ಅಣುವನ್ನು ಕತ್ತರಿಸುವ ಬೀಟಾ ಲ್ಯಾಕ್ಟಮೇಸ್ ಇದಕ್ಕೆ ಉದಾಹರಣೆ.

2. ಔಷಧಿ ಹೋಗಿ ಅಂಟಿಕೊಳ್ಳುವ ಜಾಗದ ಆಕಾರವನ್ನೇ ಬದಲಿಸುವುದು. ಬೀಗ ಬದಲಾದರೆ ಹಳೆಯ ಕೀಲಿಕೈ ಹಾಕಿ ಪ್ರಯೋಜನವಿಲ್ಲ. ಎಂಆರ್‌ಎಸ್‌ಎ ಮಾಡುವುದು ಇದನ್ನೇ.

3. ಒಳಗೆ ಬಂದ ಔಷಧಿಯನ್ನು ಹೊರಗೆ ತಳ್ಳುವುದು. ಬ್ಯಾಕ್ಟೀರಿಯದ ಪೊರೆಯಲ್ಲಿ ಸಣ್ಣ ಪಂಪುಗಳಂಥ ಪ್ರೋಟೀನುಗಳಿವೆ. ದೋಣಿಗೆ ನುಗ್ಗಿದ ನೀರನ್ನು ಮೊಗೆದು ಹಾಕುವಂತೆ ಅವು ಔಷಧಿಯನ್ನು ಹೊರಹಾಕುತ್ತವೆ.

4. ಬಾಗಿಲು ಮುಚ್ಚುವುದು. ಇ. ಕೋಲಿ, ಸಾಲ್ಮೊನೆಲ್ಲಾದಂಥ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಗಳಿಗೆ ಕೋಶಭಿತ್ತಿಯ ಹೊರಗೆ ಇನ್ನೊಂದು ಪೊರೆ ಇದೆ. ಅದರಲ್ಲಿರುವ ಸಣ್ಣ ರಂಧ್ರಗಳನ್ನು ಕಡಿಮೆ ಮಾಡಿಕೊಂಡರೆ ಹಲವು ಔಷಧಿಗಳು ಒಳಗೆ ಹೋಗುವುದೇ ಕಷ್ಟ.

5. ಗುಂಪಾಗಿ ಲೋಳೆಯ ಪದರದೊಳಗೆ ಅಡಗುವುದು. ಹಲ್ಲಿನ ಮೇಲಿನ ಪಾಚಿ, ಮಾಗದ ಗಾಯದ ಮೇಲಿನ ಜಾರುವ ಪದರ ಇಂಥವು. ಇದಕ್ಕೆ ಬಯೋಫಿಲ್ಮ್ ಎಂದು ಹೆಸರು. ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ಬೇಗ ಮಾಗದಿರಲು ಇದೂ ಒಂದು ಕಾರಣ.

ಸುಗಂಧ ತೈಲ ಎಲ್ಲಿ ಪೆಟ್ಟು ಕೊಡುತ್ತದೆ?

ಗಿಡಕ್ಕೆ ಓಡಿಹೋಗಲು ಕಾಲಿಲ್ಲ. ಕೀಟ, ಶಿಲೀಂಧ್ರ, ಬ್ಯಾಕ್ಟೀರಿಯಗಳಿಂದ ಕಾಪಾಡಿಕೊಳ್ಳಲು ಅದಕ್ಕೆ ನೆರವಾಗುವ ರಾಸಾಯನಿಕಗಳಲ್ಲಿ ಈ ತೈಲಗಳೂ ಸೇರಿವೆ.

ಪೆನಿಸಿಲಿನ್‌ನಂಥ ಔಷಧಿಗೆ ಒಂದು ನಿರ್ದಿಷ್ಟ ಗುರಿ ಇರುತ್ತದೆ. ಥೈಮಾಲ್, ಕಾರ್ವಕ್ರಾಲ್ ಹಾಗಲ್ಲ. ಅವು ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತವೆ. ಕೋಶಪೊರೆ ಕೊಬ್ಬಿನ ಎರಡು ಪದರಗಳಿಂದ ಆಗಿದೆ ಎಂದು ಪ್ರಥಮ ಪಿಯುಸಿಯಲ್ಲಿ ಓದಿದ್ದೀರಿ. ಈ ಅಣುಗಳು ಆ ಪದರಗಳ ನಡುವೆ ಹೋಗಿ ಸೇರಿಕೊಳ್ಳುತ್ತವೆ. ಒತ್ತಾಗಿ ಜೋಡಿಸಿದ ಹೆಂಚುಗಳ ನಡುವೆ ಏನನ್ನೋ ತುರುಕಿದಂತೆ ಪೊರೆ ಸಡಿಲವಾಗುತ್ತದೆ. ಒಳಗಿನ ಪೊಟ್ಯಾಸಿಯಂ ಅಯಾನು, ಎಟಿಪಿ ಹೊರಗೆ ಸೋರತೊಡಗುತ್ತವೆ. ಪೊರೆಯ ಎರಡು ಬದಿಗಳ ನಡುವಿನ ಹೈಡ್ರೋಜನ್ ಅಯಾನಿನ ಏರುಪೇರನ್ನು ಬಳಸಿಯೂ ಕೋಶ ಶಕ್ತಿ ತಯಾರಿಸುತ್ತದೆ. ಪೊರೆ ಸೋರಿದರೆ ಆ ಏರುಪೇರೂ ಕುಸಿಯುತ್ತದೆ.

ಥೈಮಾಲ್ ಮತ್ತು ಕಾರ್ವಕ್ರಾಲ್ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯದ ಹೊರಪೊರೆಯನ್ನೂ ಕದಡುತ್ತವೆ ಎಂದು ತೋರಿಸಲಾಗಿದೆ. ಕೆಲವು ತೈಲಗಳ ಅಂಶಗಳು ಮೇಲೆ ಹೇಳಿದ ಪಂಪುಗಳನ್ನು ತಡೆಯುತ್ತವೆ, ಕೆಲವು ಬಯೋಫಿಲ್ಮ್ ಕಟ್ಟುವುದಕ್ಕೆ ಅಡ್ಡಿಮಾಡುತ್ತವೆ.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬ್ಯಾಕ್ಟೀರಿಯ ಬಾಗಿಲು ಮುಚ್ಚಿಕೊಂಡು, ಪಂಪು ಚಾಲೂ ಇಟ್ಟುಕೊಂಡು ಬದುಕುತ್ತಿದೆ. ತೈಲ ಪೊರೆಯನ್ನು ಸಡಿಲ ಮಾಡಿದರೆ ಔಷಧಿ ಒಳಗೆ ನುಗ್ಗಲು ದಾರಿಯಾಗುತ್ತದೆ. ಶಕ್ತಿ ಕಡಿಮೆಯಾದರೆ ಪಂಪೂ ಕುಂಟುತ್ತದೆ. ಅಂದರೆ ಬ್ಯಾಕ್ಟೀರಿಯವನ್ನು ತೈಲವೇ ಕೊಲ್ಲಬೇಕೆಂದಿಲ್ಲ, ಔಷಧಿಗೆ ದಾರಿ ಬಿಡಿಸಿಕೊಟ್ಟರೆ ಸಾಕು. ಸಂಶೋಧಕರ ಆಸೆ ಇರುವುದು ಇಲ್ಲಿ.

ಜೋಡಿ ಔಷಧಿ ಹೊಸ ವಿಚಾರವಲ್ಲ

ಒಂದಕ್ಕೆ ಇನ್ನೊಂದನ್ನು ಜೊತೆ ಕೊಡುವ ಕ್ರಮ ವೈದ್ಯಕೀಯದಲ್ಲಿ ಹಿಂದಿನಿಂದಲೂ ಇದೆ. ಅಮಾಕ್ಸಿಸಿಲಿನ್ ಜೊತೆ ಕ್ಲಾವುಲಾನಿಕ್ ಆಮ್ಲ ಸೇರಿಸಿದ ಮಾತ್ರೆಯನ್ನು ನಿಮ್ಮಲ್ಲಿ ಹಲವರು ನುಂಗಿರಬಹುದು. ಇದರಲ್ಲಿ ಕ್ಲಾವುಲಾನಿಕ್ ಆಮ್ಲ ತಾನಾಗಿ ಬ್ಯಾಕ್ಟೀರಿಯವನ್ನು ಕೊಲ್ಲುವುದು ತೀರಾ ಕಡಿಮೆ. ಬೀಟಾ ಲ್ಯಾಕ್ಟಮೇಸ್ ಕಿಣ್ವವನ್ನು ಅದು ಕಟ್ಟಿಹಾಕುತ್ತದೆ, ಅಷ್ಟರಲ್ಲಿ ಅಮಾಕ್ಸಿಸಿಲಿನ್ ತನ್ನ ಕೆಲಸ ಮುಗಿಸುತ್ತದೆ. ಕ್ಷಯರೋಗಕ್ಕೂ ಆರಂಭದಲ್ಲಿ ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಎಥಾಂಬುಟಾಲ್ ಎಂಬ ನಾಲ್ಕು ಔಷಧಿಗಳನ್ನು ಒಟ್ಟಿಗೆ ಕೊಡುತ್ತಾರೆ. ಒಂದರಿಂದ ತಪ್ಪಿಸಿಕೊಂಡ ಬ್ಯಾಕ್ಟೀರಿಯ ಇನ್ನೊಂದಕ್ಕೆ ಸಿಗಲಿ ಎಂಬುದು ಲೆಕ್ಕ.

ಹಾಗಾದರೆ ಆ ಜೊತೆಗಾರನ ಜಾಗದಲ್ಲಿ ಓಂಕಾಳಿನ ಥೈಮಾಲ್ ನಿಲ್ಲಬಹುದೇ?

ಪ್ರಯೋಗಾಲಯದಲ್ಲಿ ಅಳೆಯುವುದು ಹೇಗೆ?

ಒಂದು ಬ್ಯಾಕ್ಟೀರಿಯ ಬೆಳೆಯದಂತೆ ತಡೆಯಲು ಬೇಕಾಗುವ ಔಷಧಿಯ ಅತಿ ಕಡಿಮೆ ಪ್ರಮಾಣಕ್ಕೆ ಎಂಐಸಿ ಎನ್ನುತ್ತಾರೆ. ಇದು ಕಡಿಮೆಯಿದ್ದಷ್ಟೂ ಔಷಧಿ ಬಲವಾದದ್ದು. ಎರಡು ಔಷಧಿಗಳ ಜೋಡಿಯನ್ನು ಪರೀಕ್ಷಿಸಲು 96 ಸಣ್ಣ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆ ತೆಗೆದುಕೊಳ್ಳುತ್ತಾರೆ. ಒಂದು ದಿಕ್ಕಿನಲ್ಲಿ ಗುಳಿಯಿಂದ ಗುಳಿಗೆ ಆಂಟಿಬಯೋಟಿಕ್ ಅರ್ಧ ಅರ್ಧ ಕಡಿಮೆಯಾಗುತ್ತಾ ಹೋಗುತ್ತದೆ, ಇನ್ನೊಂದು ದಿಕ್ಕಿನಲ್ಲಿ ತೈಲ. ಹೀಗೆ ಚದುರಂಗದ ಮಣೆಯಂತೆ ಒಂದೊಂದು ಮನೆಯಲ್ಲೂ ಬೇರೆ ಬೇರೆ ಪ್ರಮಾಣದ ಮಿಶ್ರಣ ಸಿಗುತ್ತದೆ. ಎಲ್ಲದಕ್ಕೂ ಬ್ಯಾಕ್ಟೀರಿಯ ಹಾಕಿ ಒಂದು ದಿನ 37 ಡಿಗ್ರಿ ಶಾಖದಲ್ಲಿ ಇಡುತ್ತಾರೆ. ಬೆಳೆದ ಗುಳಿ ಮಬ್ಬಾಗುತ್ತದೆ, ಬೆಳೆಯದ ಗುಳಿ ತಿಳಿಯಾಗಿ ಉಳಿಯುತ್ತದೆ.

ಆಮೇಲೆ ಒಂದು ಸರಳ ಲೆಕ್ಕ. ಇಲ್ಲಿನ ಸಂಖ್ಯೆಗಳು ಉದಾಹರಣೆಗಾಗಿ ನಾನೇ ಹಾಕಿಕೊಂಡವು. ಒಂಟಿಯಾಗಿ ಆಂಟಿಬಯೋಟಿಕ್ 64 ಮೈಕ್ರೋಗ್ರಾಂ ಬೇಕಿತ್ತು, ಜೋಡಿಯಲ್ಲಿ 8 ಸಾಕಾಯಿತು: 8 ಭಾಗಿಸು 64, ಅಂದರೆ 0.125. ಒಂಟಿಯಾಗಿ ಥೈಮಾಲ್ 400 ಬೇಕಿತ್ತು, ಜೋಡಿಯಲ್ಲಿ 100 ಸಾಕಾಯಿತು: 0.25. ಎರಡನ್ನೂ ಕೂಡಿಸಿದರೆ 0.375. ಇದನ್ನು ಎಫ್‌ಐಸಿ ಸೂಚ್ಯಂಕ ಎನ್ನುತ್ತಾರೆ. ಅದು 0.5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಜೋಡಿ ಪರಸ್ಪರ ಬಲ ಹೆಚ್ಚಿಸಿದೆ ಎಂದರ್ಥ, ಇದಕ್ಕೆ ಸಿನರ್ಜಿ ಎಂದು ಹೆಸರು. 4ಕ್ಕಿಂತ ಹೆಚ್ಚು ಬಂದರೆ ಒಂದು ಇನ್ನೊಂದರ ಕಾಲೆಳೆಯುತ್ತಿದೆ ಎಂದರ್ಥ. ನಡುವೆ ಬಂದರೆ ವಿಶೇಷವಾದ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಒಂದು ನಿಜವಾದ ಪ್ರಯೋಗ ನೋಡೋಣ. 2010ರಲ್ಲಿ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಹಲವು ಔಷಧಿಗಳಿಗೆ ಜಗ್ಗದ ಸಾಲ್ಮೊನೆಲ್ಲಾ ತಳಿಯೊಂದನ್ನು ತೆಗೆದುಕೊಂಡರು. ಥೈಮಾಲ್ ಅಥವಾ ಕಾರ್ವಕ್ರಾಲ್ ಜೊತೆ ಕೊಟ್ಟಾಗ ಆಂಪಿಸಿಲಿನ್, ಟೆಟ್ರಾಸೈಕ್ಲಿನ್, ಪೆನಿಸಿಲಿನ್ ಮೊದಲಾದ ಔಷಧಿಗಳು ಕಡಿಮೆ ಪ್ರಮಾಣದಲ್ಲೇ ಅದನ್ನು ತಡೆದವು, ಸೂಚ್ಯಂಕ 0.4ಕ್ಕಿಂತ ಕೆಳಗೆ ಬಂತು. ಇ. ಕೋಲಿಯ ಮೇಲೆ ಥೈಮಾಲ್ ಮತ್ತು ಸಿನ್ನಮಾಲ್ಡಿಹೈಡ್ ಇಂಥದೇ ಪರಿಣಾಮ ತೋರಿಸಿದವು. ಅಂದರೆ ಕೈಬಿಟ್ಟಿದ್ದ ಹಳೆಯ ಔಷಧಿಗಳಿಗೆ ಮತ್ತೆ ಜೀವ ಬರುವ ಸಾಧ್ಯತೆ ಇದೆ. ಹೊಸ ಆಂಟಿಬಯೋಟಿಕ್ ಕಂಡುಹಿಡಿಯುವುದು ಬಹಳ ನಿಧಾನದ, ಖರ್ಚಿನ ಕೆಲಸ. ಆದ್ದರಿಂದ ಈ ಸಾಧ್ಯತೆ ಸಣ್ಣದಲ್ಲ.

ಮತ್ತೇಕೆ ಅಂಥ ಮಾತ್ರೆ ಬಂದಿಲ್ಲ?

ನನ್ನ ವಿದ್ಯಾರ್ಥಿನಿ ಕೂಡ ಇಲ್ಲಿಗೆ ಬಂದಾಗ ಇದನ್ನೇ ಕೇಳಿದಳು. ಪ್ಲಾಸ್ಟಿಕ್ ತಟ್ಟೆಗೂ ಮನುಷ್ಯನ ದೇಹಕ್ಕೂ ನಡುವೆ ದೂರ ಬಹಳ.

ಮೊದಲನೆಯದು ಪ್ರಮಾಣ. ಥೈಮಾಲ್‌ನಂಥವು ಕೆಲಸ ಮಾಡಲು ಒಂದು ಮಿಲಿಲೀಟರಿಗೆ ಎಷ್ಟೋ ಸಲ ನೂರಾರು ಮೈಕ್ರೋಗ್ರಾಂ ಬೇಕು. 250 ಎಂದೇ ಇಟ್ಟುಕೊಳ್ಳಿ. ದೊಡ್ಡವರ ದೇಹದಲ್ಲಿ ಸುಮಾರು 40 ಲೀಟರ್ ನೀರಿನ ಅಂಶವಿದೆ. ಅಷ್ಟರಲ್ಲೂ ಆ ಪ್ರಮಾಣ ಬರಬೇಕಾದರೆ 10 ಗ್ರಾಂ ಥೈಮಾಲ್ ಬೇಕು. ಅದು ಔಷಧಿಯಾಗುವುದಿಲ್ಲ, ವಿಷವಾಗುತ್ತದೆ. ಜೋಡಿಯಲ್ಲಿ ಕಾಲುಭಾಗ ಸಾಕು ಎಂದರೂ ಎರಡೂವರೆ ಗ್ರಾಂ ಆಯಿತು.

ಎರಡನೆಯದು ನಮ್ಮ ಯಕೃತ್ತು. ಇಂಥ ಅಣುಗಳು ನುಂಗಿದ ಕೂಡಲೇ ದೇಹ ಅವುಗಳಿಗೆ ಸಲ್ಫೇಟ್ ಮುಂತಾದ ಬಾಲ ಕಟ್ಟಿ ಮೂತ್ರದ ಮೂಲಕ ಹೊರಗೆ ಕಳಿಸಲು ಸಿದ್ಧ ಮಾಡುತ್ತದೆ. ಪೊರೆಯನ್ನು ಸಡಿಲಗೊಳಿಸುವ ಬಿಡಿ ಥೈಮಾಲ್ ರಕ್ತದಲ್ಲಿ ಉಳಿಯುವುದೇ ಕಷ್ಟ.

ಮೂರನೆಯದು ಆಯ್ಕೆ. ಪೆನಿಸಿಲಿನ್ ಬ್ಯಾಕ್ಟೀರಿಯದ ಕೋಶಭಿತ್ತಿಗೆ ಪೆಟ್ಟು ಕೊಡುತ್ತದೆ, ನಮ್ಮ ಕೋಶಗಳಿಗೆ ಭಿತ್ತಿಯೇ ಇಲ್ಲ, ಆದ್ದರಿಂದ ನಾವು ಪಾರು. ಆದರೆ ಕೊಬ್ಬಿನ ಪೊರೆ ನಮಗೂ ಇದೆ. ಬ್ಯಾಕ್ಟೀರಿಯದ ಪೊರೆ ಸಡಿಲ ಮಾಡುವ ತೈಲ ನಮ್ಮ ಪೊರೆಯನ್ನೂ ಬಿಡುವುದಿಲ್ಲ. ನೀಲಗಿರಿ ತೈಲ ಕುಡಿದ ಮಕ್ಕಳಿಗೆ ಫಿಟ್ಸ್ ಬಂದ, ಲವಂಗದ ತೈಲ ಕುಡಿದ ಮಕ್ಕಳ ಯಕೃತ್ತು ಕೆಟ್ಟ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಮನೆಯಲ್ಲಿ ಚಿಕ್ಕ ತಮ್ಮ ತಂಗಿಯರಿದ್ದರೆ ಈ ಬಾಟಲಿಗಳನ್ನು ಎತ್ತರದಲ್ಲಿಡಿ.

ನಾಲ್ಕನೆಯದು ಏಕರೂಪತೆ. ಒಂದೇ ಗಿಡದ ತೈಲವೂ ಮಣ್ಣು, ಋತು, ತಳಿ, ಭಟ್ಟಿ ಇಳಿಸಿದ ರೀತಿಗೆ ತಕ್ಕಂತೆ ಬದಲಾಗುತ್ತದೆ. ಈ ಬಾಟಲಿಯಲ್ಲಿ ಇದ್ದಷ್ಟೇ ಥೈಮಾಲ್ ಮುಂದಿನ ಬಾಟಲಿಯಲ್ಲಿ ಇರುತ್ತದೆಂಬ ಖಾತರಿ ಇಲ್ಲ. ಔಷಧಿಯೆಂದರೆ ಪ್ರತಿ ಮಾತ್ರೆಯಲ್ಲೂ ಒಂದೇ ಪ್ರಮಾಣ ಇರಬೇಕು.

ಐದನೆಯದು ಎಲ್ಲರೂ ಮರೆಯುವ ವಿಷಯ. ಎಲ್ಲ ಜೋಡಿಯೂ ಒಳ್ಳೆಯ ಜೋಡಿಯಲ್ಲ. ಒಂದು ಬ್ಯಾಕ್ಟೀರಿಯದ ಮೇಲೆ ಬಲ ಹೆಚ್ಚಿಸಿದ ಮಿಶ್ರಣ ಇನ್ನೊಂದರ ಮೇಲೆ ಏನೂ ಮಾಡದಿರಬಹುದು, ಕೆಲವೊಮ್ಮೆ ಔಷಧಿಯ ಬಲವನ್ನೇ ತಗ್ಗಿಸಬಹುದು. ಟೀ ಟ್ರೀ ತೈಲವನ್ನು ಸಾಯದಷ್ಟು ಕಡಿಮೆ ಪ್ರಮಾಣದಲ್ಲಿ ಬ್ಯಾಕ್ಟೀರಿಯಗಳಿಗೆ ಅಭ್ಯಾಸ ಮಾಡಿಸಿದಾಗ ಅವು ಕೆಲವು ಆಂಟಿಬಯೋಟಿಕ್‌ಗಳಿಗೂ ಮೊದಲಿಗಿಂತ ಗಟ್ಟಿಯಾದವು ಎಂದು 2007ರಲ್ಲಿ ಒಂದು ತಂಡ ವರದಿ ಮಾಡಿತು. ಬೇರೆ ಕೆಲವು ಪ್ರಯೋಗಗಳಲ್ಲಿ ಹಾಗೆ ಆಗಲಿಲ್ಲ. ವಿಷಯ ಇನ್ನೂ ಚರ್ಚೆಯಲ್ಲಿದೆ. ಆದರೆ ‘ಗಿಡದ್ದು, ಆದ್ದರಿಂದ ತೊಂದರೆ ಇಲ್ಲ’ ಎನ್ನುವ ಮಾತು ಸರಿಯಲ್ಲ ಎಂಬುದಂತೂ ಇದರಿಂದ ತಿಳಿಯುತ್ತದೆ.

ಮನುಷ್ಯರ ಮೇಲೆ ಪರೀಕ್ಷೆ ನಡೆದಿಲ್ಲವೇ?

ನಡೆದಿದೆ, ಆದರೆ ಪ್ರಯೋಗಾಲಯದ ಕೆಲಸಕ್ಕೆ ಹೋಲಿಸಿದರೆ ಬಹಳ ಕಡಿಮೆ. ಇಂಗ್ಲೆಂಡಿನಲ್ಲಿ ಎಂಆರ್‌ಎಸ್‌ಎ ಅಂಟಿಕೊಂಡಿದ್ದ ರೋಗಿಗಳ ಮೇಲೆ ನಡೆದ ಒಂದು ಪರೀಕ್ಷೆ 2004ರಲ್ಲಿ ಪ್ರಕಟವಾಯಿತು. 224 ಮಂದಿಯ ಫಲಿತಾಂಶ ನೋಡಿದರು. ಒಂದು ಗುಂಪಿಗೆ ಟೀ ಟ್ರೀ ತೈಲದ ಮುಲಾಮು ಮತ್ತು ಮೈ ತೊಳೆಯುವ ದ್ರಾವಣ, ಇನ್ನೊಂದು ಗುಂಪಿಗೆ ಮುಪಿರೋಸಿನ್ ಮುಲಾಮು ಸೇರಿದ ಮಾಮೂಲಿ ಚಿಕಿತ್ಸೆ. ತೈಲದ ಗುಂಪಿನಲ್ಲಿ ಶೇ. 41, ಮಾಮೂಲಿ ಗುಂಪಿನಲ್ಲಿ ಶೇ. 49 ಮಂದಿಯಲ್ಲಿ ಬ್ಯಾಕ್ಟೀರಿಯ ಹೋಗಿತ್ತು. ಒಟ್ಟಾರೆ ವ್ಯತ್ಯಾಸ ದೊಡ್ಡದಲ್ಲ. ಆದರೆ ಮೂಗಿನೊಳಗಿನ ಎಂಆರ್‌ಎಸ್‌ಎ ವಿಷಯದಲ್ಲಿ ಮುಪಿರೋಸಿನ್ ಶೇ. 78ರಷ್ಟು, ತೈಲ ಶೇ. 47ರಷ್ಟು ಮಾತ್ರ. ಇದು ತೈಲ ಮತ್ತು ಔಷಧಿಯ ನಡುವಿನ ಹೋಲಿಕೆಯೇ ಹೊರತು ಜೋಡಿಯ ಪರೀಕ್ಷೆಯಲ್ಲ ಎಂಬುದನ್ನೂ ಗಮನಿಸಿ. ತೈಲಕ್ಕೆ ಬಲವಿದೆ, ಆದರೆ ಒಳ್ಳೆಯ ಔಷಧಿ ಇರುವ ಕಡೆ ಅದನ್ನು ಬಿಟ್ಟು ತೈಲ ಹಿಡಿಯಲು ಕಾರಣವಿಲ್ಲ ಎಂದು ನಾನು ಇದನ್ನು ಓದುತ್ತೇನೆ.

ಹಾಗೆಂದು ಈ ಕೆಲಸ ವ್ಯರ್ಥವಲ್ಲ. ದೇಹದ ಒಳಗೆ ಹೋಗಬೇಕಾಗಿಲ್ಲದ ಕಡೆ ತೈಲಗಳ ಅಂಶಗಳು ಈಗಾಗಲೇ ಕೆಲಸದಲ್ಲಿವೆ. ಬಾಯಿ ಮುಕ್ಕಳಿಸುವ ಕೆಲವು ದ್ರಾವಣಗಳಲ್ಲಿ ಥೈಮಾಲ್, ಮೆಂಥಾಲ್ ಇವೆ. ದಂತವೈದ್ಯರು ಹಲ್ಲಿಗೆ ತಾತ್ಕಾಲಿಕವಾಗಿ ತುಂಬುವ ಒಂದು ಮಿಶ್ರಣ ಜಿಂಕ್ ಆಕ್ಸೈಡ್ ಮತ್ತು ಯೂಜಿನಾಲ್ ಸೇರಿ ಆಗುವುದು. ಹಲ್ಲುನೋವಿಗೆ ಲವಂಗ ಇಡುವ ನಾನಿಯರ ತಿಳಿವಳಿಕೆ ಅಲ್ಲಿಗೆ ತಲುಪಿದೆ. ಚರ್ಮದ ಗಾಯಕ್ಕೆ ಹಚ್ಚುವ ಪಟ್ಟಿ, ಮೂತ್ರನಾಳಕ್ಕೆ ಹಾಕುವ ಕೊಳವೆಯ ಒಳಲೇಪ, ತೈಲವನ್ನು ಅತಿ ಸಣ್ಣ ಕಣಗಳಲ್ಲಿ ತುಂಬಿ ಬೇಕಾದ ಜಾಗಕ್ಕೆ ತಲುಪಿಸುವ ವಿಧಾನ, ಇವುಗಳ ಮೇಲೆ ಕೆಲಸ ನಡೆಯುತ್ತಿದೆ. ಔಷಧಿ ಮತ್ತು ತೈಲದ ಜೋಡಿ ಮೊದಲು ಫಲ ಕೊಡುವುದಿದ್ದರೆ ಇಂಥ ಕಡೆಗಳಲ್ಲಿ ಕೊಡಬಹುದು. ನಿಮ್ಮಲ್ಲಿ ಯಾರಾದರೂ ಮುಂದೆ ಫಾರ್ಮಸಿ, ಮೈಕ್ರೋಬಯಾಲಜಿ ಓದುವವರಿದ್ದರೆ ನಿಮ್ಮ ಪಾಲಿಗೆ ಇಲ್ಲಿ ಬೇಕಾದಷ್ಟು ಕೆಲಸ ಉಳಿದಿದೆ.

ಅಲ್ಲಿಯವರೆಗೆ ಮನೆಯಲ್ಲಿ ಏನು ಮಾಡಬೇಕು?

* ಡಾಕ್ಟರು ಬರೆದುಕೊಟ್ಟ ಆಂಟಿಬಯೋಟಿಕ್ ಅನ್ನು ಅವರು ಹೇಳಿದಷ್ಟು ಹೊತ್ತಿಗೆ, ಹೇಳಿದಷ್ಟು ದಿನ ತೆಗೆದುಕೊಳ್ಳಿ. ಹೊಟ್ಟೆ ಕೆಟ್ಟರೆ, ಮೈಮೇಲೆ ಗಂಧೆ ಎದ್ದರೆ ನೀವೇ ತೀರ್ಮಾನಿಸದೆ ಅವರನ್ನು ಕೇಳಿ. ಅವರು ಔಷಧಿ ಬದಲಿಸಿಕೊಡಬಹುದು.

* ಮಾತ್ರೆಯ ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ಡಾಕ್ಟರ ಚೀಟಿ ಇಲ್ಲದೆ ಕೊಳ್ಳುವ ಔಷಧಿಯಲ್ಲ. 2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿರುವ ಹಲವು ಆಂಟಿಬಯೋಟಿಕ್‌ಗಳ ಮಾರಾಟವನ್ನು ಮೆಡಿಕಲ್ ಅಂಗಡಿಯವರು ಬೇರೆ ರಿಜಿಸ್ಟರಿನಲ್ಲಿ ಬರೆದಿಡಬೇಕು.

* ನೆಗಡಿ, ಮಾಮೂಲಿ ಫ್ಲೂ ಬರುವುದು ವೈರಸ್‌ನಿಂದ. ಅದಕ್ಕೆ ಆಂಟಿಬಯೋಟಿಕ್ ನುಂಗಿ ಪ್ರಯೋಜನವಿಲ್ಲ. ಹಾಸ್ಟೆಲ್‌ನಲ್ಲಿ ಗೆಳೆಯರ ಮಾತ್ರೆ ಹಂಚಿಕೊಳ್ಳುವುದನ್ನು ಬಿಡಿ.

* ಸುಗಂಧ ತೈಲವನ್ನು ಕುಡಿಯಬೇಡಿ. ತೆರೆದ ಗಾಯಕ್ಕೆ ನೇರವಾಗಿ ಹಚ್ಚಬೇಡಿ. ಗಾಯಕ್ಕೆ ಏನು ಹಚ್ಚುತ್ತಿದ್ದೀರಿ ಎಂಬುದನ್ನು ಡಾಕ್ಟರಿಗೆ ಸಂಕೋಚವಿಲ್ಲದೆ ಹೇಳಿ.

* ಅಡುಗೆಯಲ್ಲಿ ಅಜವಾನ, ಲವಂಗ, ದಾಲ್ಚಿನ್ನಿ ಧಾರಾಳವಾಗಿ ಬಳಸಿ. ಅದರಲ್ಲಿ ರುಚಿ ಇದೆ, ಜೀರ್ಣಕ್ಕೂ ಒಳ್ಳೆಯದೆಂದು ಹಿರಿಯರು ಹೇಳುತ್ತಾರೆ. ಬಿರಿಯಾನಿಯ ಲವಂಗದಿಂದ ಸೋಂಕು ವಾಸಿಯಾಗುತ್ತದೆಂದು ಮಾತ್ರ ನಂಬಬೇಡಿ.

ಸಕ್ಕರೆ ಕಾಯಿಲೆ ಇರುವವರ ವಿಷಯದಲ್ಲಿ ಇನ್ನೊಂದು ಮಾತು. ಅವರಲ್ಲಿ ಹಲವರಿಗೆ ಪಾದದ ಸ್ಪರ್ಶಜ್ಞಾನ ಕಡಿಮೆಯಾಗಿರುತ್ತದೆ. ಲವಂಗದ ತೈಲ ಚರ್ಮವನ್ನು ಸುಟ್ಟರೂ ಉರಿ ಗೊತ್ತಾಗುವುದಿಲ್ಲ. ಅದಲ್ಲದೆ ಯೂಜಿನಾಲ್ ನೋವನ್ನು ಮರಗಟ್ಟಿಸುತ್ತದೆ, ಗಾಯ ವಾಸಿಯಾಗುತ್ತಿದೆ ಎಂಬ ತಪ್ಪು ಭರವಸೆ ಬರುತ್ತದೆ.

ನಾನಿಯ ಕಥೆ ಹೇಳಿ ಮುಗಿಸುತ್ತೇನೆ. ಡಾಕ್ಟರು ಗಾಯವನ್ನು ಸ್ವಚ್ಛ ಮಾಡಿ, ಕೀವಿನ ಮಾದರಿಯನ್ನು ಕಲ್ಚರ್ ಪರೀಕ್ಷೆಗೆ ಕಳಿಸಿದರು. ಕೆಲವು ದಿನಗಳ ಮೇಲೆ ಆ ಹುಡುಗಿ ರಿಪೋರ್ಟಿನ ನಕಲನ್ನು ನನಗೆ ತಂದು ತೋರಿಸಿದಳು. ಎಡಗಡೆ ಔಷಧಿಗಳ ಹೆಸರು, ಬಲಗಡೆ ಒಂದೊಂದೇ ಅಕ್ಷರ. ‘ಎಸ್’ ಎಂದರೆ ಬ್ಯಾಕ್ಟೀರಿಯ ಆ ಔಷಧಿಗೆ ಬಗ್ಗುತ್ತದೆ, ‘ಆರ್’ ಎಂದರೆ ಬಗ್ಗುವುದಿಲ್ಲ. ಉದ್ದಕ್ಕೆ ‘ಆರ್’ ‘ಆರ್’ ಎಂದೇ ಇತ್ತು. ನಾನಿ ಅರ್ಧಕ್ಕೆ ನಿಲ್ಲಿಸಿದ್ದ ಮಾತ್ರೆಯ ಮುಂದೆಯೂ ‘ಆರ್’. ‘ಎಸ್’ ಇದ್ದದ್ದು ಮೂರರ ಮುಂದೆ. ಅವುಗಳಲ್ಲಿ ಎರಡು ಆಸ್ಪತ್ರೆಯಲ್ಲಿ ಸೂಜಿಯ ಮೂಲಕ ಮಾತ್ರ ಕೊಡುವಂಥವು.

“ಈ ಮೂರೂ ಹೋದರೆ ಮೇಡಂ?” ಎಂದು ಕೇಳಿದಳು.

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನಿಗೆ ಆ ಮೂರರಲ್ಲಿ ಒಂದು ಕೆಲಸ ಮಾಡಿತು. ದಿನವೂ ಪಟ್ಟಿ ಬದಲಿಸುತ್ತಾ, ಸಕ್ಕರೆಯನ್ನು ಹತೋಟಿಯಲ್ಲಿಡುತ್ತಾ ಎರಡು ತಿಂಗಳಿಗೆ ಗಾಯ ಕೂಡಿತು. ಬೆರಳು ಉಳಿಯಿತು.

ಸುಗಂಧ ತೈಲಗಳ ಸಂಶೋಧನೆ ಒಂದು ದಿನ ಈ ರಿಪೋರ್ಟಿನ ಕೆಲವು ‘ಆರ್’ಗಳನ್ನು ‘ಎಸ್’ ಮಾಡಬಹುದು. ಉಳಿದಿರುವ ‘ಎಸ್’ಗಳು ‘ಆರ್’ ಆಗದಂತೆ ನೋಡಿಕೊಳ್ಳುವ ಕೆಲಸಕ್ಕೆ ಮಾತ್ರ ಅಷ್ಟು ದಿನ ಕಾಯಬೇಕಾಗಿಲ್ಲ. ಇವತ್ತು ಮನೆಗೆ ಹೋದ ಮೇಲೆ ಔಷಧಿ ಇಡುವ ಡಬ್ಬಿ ತೆಗೆದು ನೋಡಿ. ಅರ್ಧ ಉಳಿದ ಆಂಟಿಬಯೋಟಿಕ್ ಪಟ್ಟಿ ಇದೆಯೇ? ಇದ್ದರೆ ಮುಂದಿನ ಜ್ವರಕ್ಕೆಂದು ಎತ್ತಿಡಬೇಡಿ. ಅದು ಏಕೆ ಉಳಿಯಿತು ಎಂದು ಮನೆಯವರ ಜೊತೆ ಕೂತು ಮಾತಾಡಿ.